ಹೊಸ್ತಿಲಿಲ್ಲದ ಮನೆ

ಇದನ್ನು ಓದಿ "ನೋಡಿದಿರಾ, ದೊಡ್ಡವರು ಸುಮ್ಮನೆ ಹೇಳುತ್ತಾರೆಯೇ" ಎಂದು ತಲೆಯಾಡಿಸುವವರು ಇದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿಬಿಡಿ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ದೆವ್ವ, ಗಾಳಿ, ದೃಷ್ಟಿ, ವಾಸ್ತು ಯಾವುದನ್ನೂ ನಂಬಿದವಳಲ್ಲ. ಗ್ರಹಣದ ದಿನ ಮಕ್ಕಳನ್ನು ಕಾಲೇಜಿನ ಅಂಗಳಕ್ಕೆ ಕರೆದು ತಂದು, ಗ್ರಹಣ ಬಿಡುವ ಮೊದಲೇ ಚಿತ್ರಾನ್ನ ತಿನ್ನಿಸಿ, ಅವರ ಅಪ್ಪ ಅಮ್ಮಂದಿರ ಹತ್ತಿರ ಬೈಸಿಕೊಂಡವಳು. "ನೀವು ಕಂಡದ್ದನ್ನು ಬರೀರಿ, ಪುಸ್ತಕದಲ್ಲಿರೋ ಉತ್ತರ ಬರೀಬೇಡಿ" ಎಂದು ಪ್ರಾಕ್ಟಿಕಲ್ ತರಗತಿಯಲ್ಲಿ ಗದರುತ್ತಿದ್ದೆ. ಈಗ ಆ ಮಾತು ನನ್ನ ಕುತ್ತಿಗೆಗೇ ಬಂದಿದೆ. ಆದ್ದರಿಂದ ಕಂಡದ್ದನ್ನು ಬರೆಯುತ್ತಿದ್ದೇನೆ, ಅಷ್ಟೆ.

ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆ ಹೋಗುವಾಗ ಒಂದು ಕೆರೆ ಸಿಗುತ್ತದೆ. ಅದರ ಏರಿಯಿಂದ ಸ್ವಲ್ಪ ಮೇಲಕ್ಕೆ ನಮ್ಮ ಮನೆ. ನಮ್ಮ ಯಜಮಾನರು ಸೋಂಪುರದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ವಿಭಾಗದ ಎಂಜಿನಿಯರ್ ಆಗಿದ್ದರು. ಬದುಕಿಡೀ ಬೆಂಕಿಯ ಪಕ್ಕದಲ್ಲಿ ಬೆವರಿದ ಮನುಷ್ಯ. ರಿಟೈರ್ ಆದ ಮೇಲೆ ತಂಪಾದ ಜಾಗದಲ್ಲಿ ಇರಬೇಕು, ಆದರೆ ಆ ತಂಪಿಗಾಗಿ ಕರೆಂಟು ಸುಡಬಾರದು ಎಂಬುದು ಅವರ ಹಟ. ನಕ್ಷೆಯನ್ನು ಅವರೇ ಬರೆದರು. ಪಾಯ ತೋಡಿದಾಗ ಬಂದ ಮಣ್ಣಿನಿಂದಲೇ ಇಟ್ಟಿಗೆ ಒತ್ತಿಸಿ, ಗೂಡಿನಲ್ಲಿ ಸುಡದೆ, ನೆರಳಲ್ಲಿ ಒಣಗಿಸಿ ದಪ್ಪ ಗೋಡೆ ಕಟ್ಟಿಸಿದರು. ಕೆರೆಯ ಮೇಲಿಂದ ಬರುವ ಗಾಳಿ ಮುಂಬಾಗಿಲಲ್ಲಿ ನುಗ್ಗಿ, ಚಾವಣಿಯ ಕೆಳಗಿನ ಕಿಂಡಿಗಳಿಂದ ಆಚೆ ಹೋಗುವ ಹಾಗೆ ಮಾಡಿದರು. ಗಾಳಿಯಾಡಲಿ ಎಂದು ಒಳಗಿನ ಕೋಣೆಗಳಿಗೆ ಬಾಗಿಲನ್ನೇ ಇಡಿಸಲಿಲ್ಲ, ಬರೀ ಪರದೆ. ಮೇಲೆ ಸೋಲಾರ್. ಮೀಟರ್ ಓದಲು ಬರುವವನು ಮೊದಲ ಸಲ ಮೀಟರನ್ನು ಬೆರಳಲ್ಲಿ ತಟ್ಟಿ ನೋಡಿದ್ದ, ಕೆಟ್ಟಿದೆಯೋ ಏನೋ ಎಂದು. ಏಪ್ರಿಲ್ ತಿಂಗಳಲ್ಲೂ ನಾವು ಫ್ಯಾನ್ ಹಾಕಿದ್ದು ಕಡಿಮೆ.

ಇದೆಲ್ಲಕ್ಕಿಂತ ಮುಖ್ಯವಾಗಿ ಅದು ವಯಸ್ಸಾದವರಿಗೆಂದೇ ಕಟ್ಟಿದ ಮನೆ. ಮೆಟ್ಟಿಲಿಲ್ಲ. ಇರುವ ಬಾಗಿಲುಗಳು ವೀಲ್‌ಚೇರ್ ಹೋಗುವಷ್ಟು ಅಗಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಕೂತವರ ಕೈಗೂ ಸಿಗುವ ಎತ್ತರದಲ್ಲಿ ಸ್ವಿಚ್ಚು. ಅಂಗಳದಿಂದ ಅಡುಗೆ ಮನೆಯವರೆಗೆ ಒಂದೇ ಸಮನಾದ ಕೆಂಪು ಗಾರೆ ನೆಲ. ಹೊಸ್ತಿಲಂತೂ ಇಲ್ಲವೇ ಇಲ್ಲ.

ಹೊಸ್ತಿಲು ಬೇಡ ಎನ್ನಲು ಕಾರಣವಿತ್ತು. ನಮ್ಮ ಅತ್ತೆ, ಅಂದರೆ ಯಜಮಾನರ ತಾಯಿ, ಸೂಲಿಬೆಲೆಯ ಹಳೆಯ ಮನೆಯಲ್ಲಿ ಹೊಸ್ತಿಲಿಗೆ ಎಡವಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ. ದಿನಾ ಬೆಳಿಗ್ಗೆ ಅರಿಶಿನ ಬಳಿದು, ಕುಂಕುಮವಿಟ್ಟು, ರಂಗೋಲಿ ಎಳೆದು ನಮಸ್ಕಾರ ಮಾಡುತ್ತಿದ್ದ ಹೊಸ್ತಿಲೇ ಆಕೆಯನ್ನು ಮಲಗಿಸಿತು. ಹಾಗಾಗಿ ಮುಂಬಾಗಿಲು ನಿಲ್ಲಿಸುವ ದಿನ ಬಡಗಿ ತಂದದ್ದು ಮೂರೇ ಕಡೆಯ ಚೌಕಟ್ಟು, ಕೆಳಗಿನ ಅಡ್ಡಮರವಿಲ್ಲದ್ದು. ಹೊಸ್ತಿಲ ಅಡಿ ಹಾಕಬೇಕಾದ ನವಧಾನ್ಯವನ್ನು ಬೊಗಸೆಯಲ್ಲಿ ಹಿಡಿದುಕೊಂಡು ಅವನು "ಸಾರ್, ಇದುನ್ನ ಎಲ್ಲಿಗಾಕೋದು?" ಎಂದು ಕೇಳಿದ. "ನಮ್ಮನೆಯವಳ ಕೈಗೆ ಕೊಡಪ್ಪ, ಉಸ್ಲಿ ಮಾಡ್ತಾಳೆ" ಎಂದು ಇವರು ನಕ್ಕರು. ನಾನು ಮಾಡಿಯೂ ಬಿಟ್ಟೆ. ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಕೇಳುತ್ತೇನೆ.

ತಪ್ಪು ಎಂದವರು ಸರೋಜಕ್ಕ. ಯಜಮಾನರಿಗೆ ಸ್ವಂತ ಅಕ್ಕ, ಸೂಲಿಬೆಲೆಯಲ್ಲೇ ಇದ್ದಾರೆ, ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿದ ಗಟ್ಟಿ ಹೆಂಗಸು. ಗೃಹಪ್ರವೇಶಕ್ಕೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಹೊಸ್ಲಿಲ್ದಿರೋ ಮನೆಗೆ ನಾನ್ ಹೆಂಗಮ್ಮ ಕಾಲಿಡ್ಲಿ? ಒಳಗ್ಯಾವ್ದು ಹೊರಗ್ಯಾವ್ದು ಅಂತ ಕಾಲಿಗೆ ಗೊತ್ತಾಗೋದು ಬ್ಯಾಡ್ವಾ?" ಎಂದು ಹೇಳಿ, ಹೊರಗೆ ಶಾಮಿಯಾನದಲ್ಲೇ ಕೂತು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬಸ್ ಹತ್ತಿದರು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ನಮ್ಮ ಗೋಡೆಗೆ ಕೈಯಿಟ್ಟು ಎಷ್ಟು ತಣ್ಣಗಿದೆ ಎಂದು ಫೋಟೋ ಹೊಡೆದುಕೊಳ್ಳುವವರ ನಡುವೆ, ಒಡಹುಟ್ಟಿದ ಅಕ್ಕ ಒಳಗೆ ಬರಲಿಲ್ಲ. ನನಗೆ ಮೈ ಉರಿದುಹೋಯಿತು.

ಅಲ್ಲಿಗೆ ಹೋದ ಮೇಲೆ ಒಂದು ವರ್ಷ ನಾವು ನಿಜವಾಗಿ ಸುಖವಾಗಿದ್ದೆವು. ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ಇಬ್ಬರೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವು. ಆ ನಡಿಗೆಗೋಸ್ಕರವೇ ಆ ಜಾಗ ಕೊಂಡದ್ದು ಎಂದರೂ ಸರಿ. ಆಮೇಲೆ ಇವರ ಬಲಗೈ ನಡುಗತೊಡಗಿತು. ಸಹಿ ಚಿಕ್ಕದಾಗುತ್ತಾ ಬಂತು. ಪಾರ್ಕಿನ್ಸನ್ ಎಂದರು ಡಾಕ್ಟರು. ಮಾತ್ರೆ ನುಂಗಿಕೊಂಡು ಹೇಗೋ ನಡೆದಾಡಿಕೊಂಡಿದ್ದಾಗಲೇ ಹೊಸ ತೊಂದರೆ ಶುರುವಾಯಿತು. ಮನೆಯೊಳಗೆ ಓಡಾಡುತ್ತಿದ್ದ ಮನುಷ್ಯ ಮುಂಬಾಗಿಲಿಗೆ ಬಂದ ತಕ್ಷಣ ಕಾಲು ನೆಲಕ್ಕೆ ಅಂಟಿಕೊಂಡವರಂತೆ ನಿಂತುಬಿಡುತ್ತಿದ್ದರು. ಮೈ ಮುಂದಕ್ಕೆ ವಾಲುತ್ತಿತ್ತು, ಪಾದ ಮಾತ್ರ ಬರುತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲೂ ಇದೇ ಪಾಡು.

ಈ ಕಾಯಿಲೆಯಲ್ಲಿ ಬಾಗಿಲು ಕಂಡರೆ ಕಾಲು ಕಟ್ಟುವುದು ಇದ್ದದ್ದೇ, ನೆಲದ ಮೇಲೆ ಒಂದು ಗೆರೆ ಎಳೆಯಿರಿ, ಅದನ್ನು ದಾಟಬೇಕು ಎಂದುಕೊಂಡರೆ ಕಾಲು ತಾನಾಗಿ ಏಳುತ್ತದೆ ಎಂದರು ಡಾಕ್ಟರು. ನಾನು ಹಳದಿ ಟೇಪು ಅಂಟಿಸಿದೆ. ಆಗಲಿಲ್ಲ. ಬಿಳಿ ಅಂಟಿಸಿದೆ. ಆಗಲಿಲ್ಲ. ಒಂದು ಮರದ ಪಟ್ಟಿ ಹೊಡೆಸೋಣ ಎಂದರೆ ಇವರು ಅಷ್ಟು ನಡುಗುವ ಕೈಯನ್ನೂ ಎತ್ತಿ ಬೇಡವೆಂದರು. "ಅಮ್ಮ ಬಿದ್ದಿದ್ದು ಅದರ ಮೇಲೇ ಕಣೇ." ವೀಲ್‌ಚೇರ್‌ನಲ್ಲಿ ತಳ್ಳಿಸಿಕೊಂಡು ಏರಿಯ ಮೇಲೆ ಹೋಗಲು ಸ್ವಾಭಿಮಾನ ಬಿಡಲಿಲ್ಲ. ತಾನು ಕಟ್ಟಿದ, ಎಡವುವುದಕ್ಕೆ ಒಂದು ಕಡ್ಡಿಯೂ ಇಲ್ಲದ ಮನೆಯೊಳಗೆ ಅವರು ಜೈಲು ಸೇರಿದ ಹಾಗಾಯಿತು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಸಂಜೆಯೆಲ್ಲಾ ನೀರು ನೋಡುತ್ತಿದ್ದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಹೀಗೇ ಇನ್ನೊಂದಷ್ಟು ದಿನ ಹೋದರೆ ಈ ಮನುಷ್ಯ ನನಗೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು.

ಅಂಥ ಹೊತ್ತಿನಲ್ಲಿ ಬಂದರು ಸರೋಜಕ್ಕ. ಕಾರ್ತಿಕ ಮಾಸ, ಆ ವರ್ಷ ಕೆರೆ ತುಂಬಿತ್ತು. ಇನ್ನೂ ಬೆಳಕಿರುವಾಗಲೇ ಆಟೋದಿಂದ ಇಳಿದು, ಒಳಗೆ ಬರದೆ, ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಬಾಗಿಲ ಆಚೆ ಅಕ್ಕ, ಈಚೆ ತಮ್ಮ. ತಮ್ಮನ ಕಾಲು ಹೊರಗೆ ಬರುತ್ತಿಲ್ಲ, ಅಕ್ಕನ ಕಾಲು ಒಳಗೆ ಬರುತ್ತಿಲ್ಲ. ನಡುವೆ ನಾನು ಕಾಫಿ ಲೋಟ ಹಿಡಿದುಕೊಂಡು ಓಡಾಡಬೇಕು. ಇದಕ್ಕಿಂತ ರೇಗುವ ಸಂದರ್ಭ ಇದೆಯೇ ನೀವೇ ಹೇಳಿ.

ನಾನು ಒಳಗೆ ಇವರಿಗೆ ಮಾತ್ರೆ ಕೊಟ್ಟು ಬರುವಷ್ಟರಲ್ಲಿ ಆಕೆ ಚೀಲದಿಂದ ಅರಿಶಿನದ ಪೊಟ್ಟಣ ತೆಗೆದು, ನೀರಲ್ಲಿ ಕಲಸಿ, ಬಾಗಿಲ ಈ ಕಡೆಯಿಂದ ಆ ಕಡೆಯವರೆಗೆ ಬರೀ ನೆಲದ ಮೇಲೆ ಅಂಗೈ ಅಗಲ ಬಳಿಯುತ್ತಿದ್ದರು. ಹೊಸ್ತಿಲು ಇರಬೇಕಾಗಿದ್ದ ಜಾಗದಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆ ಮನೆಯಿಂದ ಒದ್ದೆ ಬಟ್ಟೆ ತಂದು ಆಕೆಯ ಕಣ್ಣ ಮುಂದೆಯೇ ಒರೆಸಿ ಹಾಕಿದೆ. ಒಂದು ಚೂರು ಹಳದಿ ಉಳಿಯದ ಹಾಗೆ ಮಂಡಿಯೂರಿ ಉಜ್ಜಿದೆ.

"ನಿಮ್ಮಮ್ಮನ್ನ ತಿಂದಿದ್ದು ಇದೇ ಹೊಸ್ಲು ಅಕ್ಕ. ಈಗ ನಿಮ್ ತಮ್ಮನ್ನೂ ತಿನ್ಲಿ ಅಂತ ಪೂಜೆ ಮಾಡ್ತಿದೀರಾ?"

ಆಕೆ ಜಗಳವಾಡುವರೆಂದು ಕಾದೆ. ಆಡಲಿಲ್ಲ. ಕೈಯ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡು "ಏನೋಪ್ಪ, ಇನ್ನೇನ್ ಮಾಡೋಕೆ ತಿಳೀಲಿಲ್ಲ ನಂಗೆ" ಎಂದು ಬೆಂಚಿನ ಮೇಲೆ ಹೋಗಿ ಕೂತರು. ಕಣ್ಣು ತುಂಬಿತ್ತು. ಅದಕ್ಕೂ ನನಗೆ ಸಿಟ್ಟೇ ಬಂತು. ನೆಲ ಒಣಗಿತು. ನಾನು ಬಾಗಿಲ ಒಳಗೆ ಮಣೆಯ ಮೇಲೆ ಕೂತು ಹುರುಳಿಕಾಯಿ ಬಿಡಿಸತೊಡಗಿದೆ. ಆಮೇಲೆ ನಡೆದದ್ದನ್ನು ನಾನು ಅಲ್ಲಿಂದ, ಬೆಳಕಿನಲ್ಲಿ, ಎಚ್ಚರವಾಗಿದ್ದು ನೋಡಿದ್ದೇನೆ.

ಮೊದಲು ಮುನಿರತ್ನ ಬಂದಳು. ನಮಗೆ ಹಾಲು ಕೊಡುವ, ಪಕ್ಕದ ಊರಿನ ಹೆಂಗಸು. ಮನೆಯಾದಾಗಿನಿಂದ ಎರಡು ಹೊತ್ತೂ ಅದೇ ಬಾಗಿಲಲ್ಲಿ ಸೀದಾ ನಡೆದು ಬಂದು ಅಡುಗೆ ಮನೆಯ ಕಟ್ಟೆಯ ಮೇಲೆ ಹಾಲು ಇಟ್ಟು ಹೋಗುವವಳು. ಆ ಸಂಜೆ ಬಾಗಿಲಿಗೆ ಬಂದವಳು ಮಾತಾಡುತ್ತಲೇ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಚೂರು ಮೇಲೆತ್ತಿ, ಕಾಲು ಎತ್ತಿ ದಾಟಿ ಒಳಗೆ ಬಂದಳು. ಹೋಗುವಾಗಲೂ ಹಾಗೆಯೇ ಎತ್ತಿ ದಾಟಿದಳು. ಅರಿಶಿನ ಬಳಿದದ್ದನ್ನಾಗಲಿ ಒರೆಸಿದ್ದನ್ನಾಗಲಿ ಅವಳು ನೋಡಿರಲಿಲ್ಲ.

"ಯಾಕೆ ಹಂಗೆ ಕಾಲೆತ್ತಿದೆ?" ಎಂದು ಕೂಗಿ ಕೇಳಿದೆ.

"ಎತ್ಬೇಕು ತಾನೆ ಮೇಡಂ, ಇಲ್ದಿದ್ರೆ ಎಡವಲ್ವಾ" ಎಂದವಳು ತಿರುಗಿ ನೆಲ ನೋಡಿದಳು. ಇನ್ನೊಮ್ಮೆ ನೋಡಿದಳು. ನಗಲು ಹೋಗಿ ನಗಲಿಲ್ಲ. ಹಾಲಿನ ಕ್ಯಾನು ಎತ್ತಿಕೊಂಡು ಬೇಗ ಬೇಗ ಹೊರಟುಹೋದಳು.

ಅವಳ ಹಿಂದೆಯೇ ಬಂದಿದ್ದ ಊರ ನಾಯಿ ಕರಿಯ, ದಿನಾ ಒಳಗೆ ನುಗ್ಗಿ ನನ್ನ ಹತ್ತಿರ ಬೈಸಿಕೊಂಡು ಹೋಗುವ ನಾಯಿ, ಬಾಗಿಲಲ್ಲಿ ನಿಂತು ಮೂಸಿ, ಮುಂಗಾಲು ಎರಡನ್ನೂ ಎತ್ತಿ ನೆಗೆದು ಒಳಗೆ ಬಂತು. ಹೆಂಗಸಿಗೆ ಭ್ರಮೆ ಎನ್ನಬಹುದು. ನಾಯಿಗೆ ಏನೆನ್ನುತ್ತೀರಿ?

ನಾನು ಹುರುಳಿಕಾಯಿಯ ಮೊರ ಕೆಳಗಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಯಜಮಾನರು ಬರುತ್ತಿದ್ದರು, ಪಾದ ಉಜ್ಜಿಕೊಂಡು, ಚಿಕ್ಕ ಚಿಕ್ಕ ಹೆಜ್ಜೆ ಹಾಕಿಕೊಂಡು. ಅಕ್ಕನನ್ನು ಮಾತಾಡಿಸಲು ಬಾಗಿಲವರೆಗೆ ಬರುತ್ತಿದ್ದಾರೆ ಎಂದುಕೊಂಡೆ. ಬಂದು ಬಾಗಿಲುವಾಡ ಹಿಡಿದರು. ತಲೆ ಬಗ್ಗಿಸಿ ನೆಲ ನೋಡಿದರು. ಇನ್ನು ಕಾಲು ಅಂಟಿಕೊಳ್ಳುತ್ತದೆ, ಹೋಗಿ ಹಿಡಿದುಕೊಳ್ಳಬೇಕು ಎಂದು ನಾನು ಏಳುತ್ತಿದ್ದೆ. ಅವರು ಮಂಡಿ ಮಡಿಸಿ ಬಲಗಾಲು ಎತ್ತಿದರು. ಗೇಣೆತ್ತರದ ಏನನ್ನೋ ದಾಟುವಂತೆ ಎತ್ತಿ ಆಚೆ ಇಟ್ಟರು. ಎಡಗಾಲನ್ನೂ ಎತ್ತಿ ಇಟ್ಟರು. ಹೊರಗೆ ನಿಂತಿದ್ದರು. ಅಕ್ಕನ ಕಡೆ ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ಏರಿಯ ಕಡೆ ನಡೆಯತೊಡಗಿದರು. ಸರೋಜಕ್ಕ ಬಾಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಊರುಗೋಲು ಒಳಗೇ ಇತ್ತು. ನಾನು ಅದನ್ನು ಎತ್ತಿಕೊಂಡು ಅವರ ಹಿಂದೆ ಓಡಿದೆ. ಬಾಗಿಲಲ್ಲಿ ನನ್ನ ಬಲಗಾಲಿನ ಹೆಬ್ಬೆರಳು ಬಡಿಯಿತು. ಕಲ್ಲಿಗೆ ಎಡವಿದರೆ ಆಗುವ ನೋವು ಬೇರೆ, ಮರಕ್ಕೆ ಎಡವಿದರೆ ಆಗುವ ನೋವು ಬೇರೆ. ಹಳೆಯ ಮನೆಗಳಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಗೊತ್ತು. ಇದು ಮರ. ಟಕ್ ಎಂದು ಸದ್ದೂ ಆಯಿತು. ನಾನು ಮುಗ್ಗರಿಸಿ ಅಂಗಳಕ್ಕೆ ಬಿದ್ದೆ.

"ಎಡವಿದ್ಯೇನಮ್ಮ?" ಎಂದು ಸರೋಜಕ್ಕ ಎದ್ದು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಎಡವಿ ಬಿದ್ದವರನ್ನು ಯಾರಾದರೂ ಕೇಳುವಂತೆ ಕೇಳಿದರು. ಉಗುರು ಸೀಳಿ ರಕ್ತ ಬರುತ್ತಿತ್ತು. ನಾನು ನೋವನ್ನು ಬಿಟ್ಟು ಮೊದಲು ಬಾಗಿಲಿಗೆ ಹೋಗಿ ಅಂಗೈಯಿಂದ ನೆಲ ಸವರಿದೆ. ಅದೇ ಗಾರೆ ನೆಲ, ನುಣ್ಣಗೆ, ತಣ್ಣಗೆ. ಮೇಲೆ ಗಾಳಿಯಲ್ಲಿ ಕೈಯಾಡಿಸಿದೆ. ಏನೂ ಸಿಗಲಿಲ್ಲ. ನನ್ನ ಬಾಯಲ್ಲಿ ಯಾವತ್ತೂ ಬರದ ಬೈಗುಳ ಅವತ್ತು ಬಂತು. ಯಾರಿಗೆ ಬೈದೆನೋ ನನಗೇ ಗೊತ್ತಿಲ್ಲ.

ಕುಂಟುತ್ತಾ ಏರಿಯ ಮೇಲೆ ಹೋದರೆ ಯಜಮಾನರು ತೂಬಿನ ಹತ್ತಿರದ ಕಲ್ಲಿನ ಮೇಲೆ ಕೂತು ನೀರು ನೋಡುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಮುಖ ಸಡಿಲವಾಗಿತ್ತು. ನನ್ನ ಕಾಲು ನೋಡಿ "ರಕ್ತ ಬರ್ತಿದೆಯಲ್ಲೇ" ಎಂದರು. ಹೇಗೆ ದಾಟಿದಿರಿ ಎಂದು ಕೇಳಿದೆ. "ಇತ್ತಲ್ಲ, ದಾಟ್ದೆ" ಎಂದರು. ಎಲ್ಲಿತ್ತು ರೀ, ಏನಿತ್ತು ಎಂದು ನಾನು ಕಿರುಚಿದೆ. ಇಷ್ಟು ದಿನದ ಮೇಲೆ ಹೊರಗೆ ಬಂದ ಮನುಷ್ಯನ ಮೇಲೆ ಕಿರುಚಬಾರದಿತ್ತು ಎನ್ನಿ, ಆದರೆ ಕಿರುಚಿದೆ. ಅವರು ನೀರಿನ ಕಡೆ ತಿರುಗಿಕೊಂಡರು. ಆಮೇಲೆ ಎಷ್ಟು ಸಲ ಕೇಳಿದರೂ ಆ ಎರಡು ಮಾತಿಗಿಂತ ಹೆಚ್ಚು ಹೇಳಿಲ್ಲ.

ನಾವು ವಾಪಸ್ ಬರುವ ಹೊತ್ತಿಗೆ ಸರೋಜಕ್ಕ ಒಳಗಿದ್ದರು. ಆ ಮನೆಗೆ ಕಾಲಿಡುವುದಿಲ್ಲ ಎಂದಿದ್ದ ಹೆಂಗಸು ತಾನಾಗಿ ಒಳಗೆ ಹೋಗಿ, ನಾನು ಬಿಟ್ಟುಹೋಗಿದ್ದ ಹುರುಳಿಕಾಯಿ ಬಿಡಿಸಿ, ಸಾರಿಗೆ ಇಟ್ಟಿದ್ದರು. ಹೇಗೆ ಬಂದಿರಿ ಎಂದು ನಾನು ಕೇಳಲಿಲ್ಲ. ಗೆದ್ದೆ ಎಂಬ ಮುಖ ಮಾಡಿದ್ದರೆ ಜಗಳವಾಡಿ ನಿರಾಳವಾಗುತ್ತಿದ್ದೆ. ಆಕೆ ನನಗಿಂತ ಹೆಚ್ಚು ಹೆದರಿದ್ದರು. "ನಾನೇನೂ ಮಾಡ್ಲಿಲ್ಲ ಕಣಮ್ಮ. ನೀನು ಒರೆಸ್ಬಿಟ್ಟೆಯಲ್ಲ" ಎಂದು ಊಟದ ನಡುವೆ ಎರಡು ಮೂರು ಸಲ ಅಂದರು. ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರು.

ನಾನು ಸುಮ್ಮನೆ ಬಿಡಲಿಲ್ಲ. ಊದುಬತ್ತಿ ಹಚ್ಚಿ ಬಾಗಿಲಲ್ಲಿ ಹಿಡಿದು ಹೊಗೆ ಎತ್ತ ಹೋಗುತ್ತದೆ ಎಂದು ನೋಡಿದೆ. ಸಂಜೆಯ ಹೊತ್ತು ಕೆರೆಯ ಮೇಲಿನ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಒಳಗೆ ಹರಿಯುತ್ತದೆ, ಮನೆ ಕಟ್ಟಿದ್ದೇ ಹಾಗೆ. ಆ ತಂಪು ಪಾದಕ್ಕೆ ತಗಲಿದಾಗ ಕಾಲು ತಾನಾಗಿ ಎದ್ದಿತೇ? ಹಾಗಾದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಯಾಕೆ ಏಳಲಿಲ್ಲ? ಮತ್ತೆ ತಂಪು ಗಾಳಿಗೆ ಯಾರ ಉಗುರಾದರೂ ಸೀಳಿದ್ದುಂಟೇ? ಗಾರೆಯವರ ಮಟ್ಟಗೋಲು ತರಿಸಿ ನೆಲ ನೋಡಿದೆ, ಒಂದು ಕೂದಲಿನಷ್ಟೂ ಏರುಪೇರಿಲ್ಲ. ಡಾಕ್ಟರನ್ನು ಕೇಳಿದರೆ ಯಜಮಾನರ ಬಗ್ಗೆ ಚೆನ್ನಾಗಿ ವಿವರಿಸಿದರು, ಮನಸ್ಸಿನಲ್ಲೇ ಗೆರೆ ಕಂಡಿರಬಹುದು ಎಂದು. ಮುನಿರತ್ನಳ ಬಗ್ಗೆ ಕೇಳಿದಾಗ ನನ್ನ ಬಿಪಿ ನೋಡಿದರು.

ಇನ್ನು ನೆಂಟರು. ಹೇಗೋ ಸುದ್ದಿ ಹಬ್ಬಿತು. ಅತ್ತೆಯೇ ಬಂದು ಮಗನನ್ನು ದಾಟಿಸಿದರು ಎಂದವರು ಕೆಲವರು, ಈಗಲಾದರೂ ಹೊಸ್ತಿಲು ಹಾಕಿಸಿ ಶಾಂತಿ ಮಾಡಿಸಿ ಎಂದವರು ಕೆಲವರು. ಸೊಂಟ ಮುರಿದುಕೊಂಡು ಮಲಗಿದಾಗ ಆಕೆಯ ಹಾಸಿಗೆ ಬಟ್ಟೆ ಒಗೆಯಲು ಬಾರದವರಿಗೆ ಈಗ ಆಕೆಯ ಆತ್ಮದ ಚಿಂತೆ. ಫೋನ್ ಇಟ್ಟುಬಿಟ್ಟಿದ್ದೇನೆ. ಹೊಸ್ತಿಲು ಹಾಕಿಸಿಲ್ಲ, ಹಾಕಿಸುವುದೂ ಇಲ್ಲ.

ಮುನಿರತ್ನ ಮರುದಿನದಿಂದ ಮೊದಲಿನಂತೆ ಸೀದಾ ನಡೆದು ಬಂದಳು. ನಾಯಿಯೂ ಅಷ್ಟೆ. ನನ್ನ ಕಾಲಿಗೂ ಆ ಬಾಗಿಲಲ್ಲಿ ಮತ್ತೆ ಏನೂ ತಗಲಲಿಲ್ಲ. ಯಜಮಾನರು ಮಾತ್ರ ಪ್ರತಿ ಸಂಜೆ ಕಾಲೆತ್ತಿ ದಾಟಿ ಏರಿಗೆ ಹೋದರು. ಊಟ ಸರಿಯಾಯಿತು, ಮಾತು ಬಂತು. ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಯಾವುದರಿಂದ ನನ್ನ ಗಂಡ ನನಗೆ ವಾಪಸ್ ಸಿಕ್ಕಿದರೋ ಅದನ್ನು ನಾನು ನಂಬುವುದಿಲ್ಲ. ನಾನು ನಂಬದ ಒಂದಕ್ಕೆ ಕೃತಜ್ಞತೆ ಹೇಳುವುದು ಹೇಗೆ? ಆ ಸಿಟ್ಟು ಈ ನಾಲ್ಕು ವರ್ಷದಲ್ಲಿ ಆರಿಲ್ಲ.

ಈ ವರ್ಷ ಕಾಯಿಲೆ ಹೆಚ್ಚಾಗಿದೆ. ಒಬ್ಬರೇ ದಾಟಲು ಆಗುತ್ತಿಲ್ಲ. ನಾನು ಮುಂದೆ ನಡೆದು, ಕಾಲೆತ್ತಿ ದಾಟಿ ತೋರಿಸಿದರೆ ಮಾತ್ರ ನನ್ನನ್ನು ನೋಡಿಕೊಂಡು ಅವರೂ ಎತ್ತುತ್ತಾರೆ. ಸೀದಾ ನಡೆದುಹೋದರೆ ಹಿಂದೆ ಅಲ್ಲೇ ನಿಂತುಬಿಡುತ್ತಾರೆ. ಹಾಗಾಗಿ ಭೌತಶಾಸ್ತ್ರದ ಮೇಡಂ ದಿನಾ ಸಂಜೆ ಬರೀ ನೆಲದ ಮೇಲೆ ಕಾಲೆತ್ತಿ ದಾಟುತ್ತಾಳೆ. ನೋಡಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಮೊನ್ನೆ ಮಂಡಿ ನೋವಿತ್ತು. ಎತ್ತಿದ ಹಾಗೆ ಮಾಡಿ, ಪಾದವನ್ನು ನೆಲದಿಂದ ಚೂರೇ ಮೇಲೆತ್ತಿ ಆಚೆ ಇಡಲು ಹೋದೆ. ಹಿಂದಿನಿಂದ ಅವರು ನನ್ನ ಸೆರಗು ಹಿಡಿದು ನಿಲ್ಲಿಸಿದರು. ಕಣ್ಣು ನೆಲದ ಮೇಲಿತ್ತು.

"ಇನ್ನೊಂಚೂರು ಎತ್ತೇ. ತಗಲುತ್ತೆ" ಎಂದರು.

ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಇನ್ನೊಂಚೂರು ಎತ್ತಿದೆ. ಅವರು ನನ್ನ ಹಿಂದೆಯೇ ದಾಟಿ ಬಂದರು.